ನನ್ನ ಹೆಸರಿನಲ್ಲಿದ್ದ ಮಾವನ ಕಾರು

ಡಿಕ್ಕಿಯ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ. ಚಾಮರಾಜನಗರದಿಂದ ಬಂದಿದ್ದ ಏಜೆಂಟ್ ಮೊದಲು ಕೈಯಲ್ಲಿ ಎಳೆದು ನೋಡಿದ, ಆಮೇಲೆ ನಮ್ಮ ಮನೆಯ ಸಲಾಕೆ ಇಸಿದುಕೊಂಡು ಮೀಟಿದ. ಅದು ಕಿರುಗುಟ್ಟಿಕೊಂಡು ಮೇಲೆದ್ದಾಗ ತುಕ್ಕು, ಇಲಿಹಿಕ್ಕೆ, ಹಳೇ ರಬ್ಬರು ಎಲ್ಲದರ ಮಧ್ಯೆ ಅರಿಶಿನದ ವಾಸನೆ ಬಂದು ಮೂಗಿಗೆ ಬಡಿಯಿತು. ಬೇಯಿಸಿ, ಒಣಗಿಸಿ, ಮೂಟೆ ಕಟ್ಟಿದ ಅರಿಶಿನದ ಕೊಂಬಿನ ವಾಸನೆ. ಎಷ್ಟೋ ವರ್ಷದಿಂದ ಮುಚ್ಚಿದ್ದ ಡಿಕ್ಕಿಯಲ್ಲಿ ಅದು ಹಾಗೇ ಕೂತಿತ್ತು... ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಏಜೆಂಟ್ ಅದನ್ನು ಧೂಳಿಗೆ ಅಂದುಕೊಂಡ.

“ಫೋಟೋದಲ್ಲಿ ನಾಲ್ಕು ಕಡೆನೂ ಬರ್ಬೇಕು ಕಣಮ್ಮ. ನೀವು ಒಸಿ ಈ ಕಡೆ ನಿಂತ್ಕಳಿ. ಓನರ್ರು ನೀವೇ ತಾನೆ?”

ಹೌದು, ಓನರ್ ನಾನೇ. ಆ ದುಂಡು ಬೆನ್ನಿನ ಹಳೇ ಬಿಳಿ ಕಾರು ಕಾಗದದ ಮೇಲೆ ನನ್ನದು, ಕಂಪ್ಯೂಟರಿನಲ್ಲೂ ನನ್ನದು. ಗುಂಡ್ಲುಪೇಟೆಯ ಒಂದು ಗಲ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಊರವರ ರವಿಕೆಗೆ ಹುಕ್ಕು ಹಾಕುತ್ತ ಆಯುಸ್ಸು ಕಳೆದ ನನಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ಆದರೂ ಕಾರಿನ ಒಡತಿ! ಈ ಒಡೆತನವೇ ಈ ವರ್ಷ ನನ್ನ ಕೊರಳಿಗೆ ಸುತ್ತಿಕೊಂಡಿತು.

ರೇಷನ್ ಅಂಗಡಿಯಲ್ಲಿ ಒಂದು ದಿನ ಹೆಬ್ಬೆಟ್ಟು ಒತ್ತಿದೆ, ಮಿಷನ್ನು ತಗೊಳ್ಳಲಿಲ್ಲ. ಮತ್ತೆ ಒತ್ತಿದೆ. ಅಂಗಡಿಯವರು ಕಣ್ಣು ಕಿರಿದು ಮಾಡಿ ಪರದೆ ಓದಿ ನಕ್ಕೇಬಿಟ್ಟರು. “ನಿಮ್ ಬಿಪಿಎಲ್ ಕಾರ್ಡು ನಿಂತೋಗದೆ ಕಣಮ್ಮ. ನಿಮ್ಮೆಸರಲ್ಲಿ ವೈಟ್ ಬೋರ್ಡ್ ಕಾರು ಅದಂತಲ್ಲ!” ಹಿಂದೆ ಸಾಲಿನಲ್ಲಿ ನಿಂತವರೂ ನಕ್ಕರು. ಕಾರು ಯಾರದ್ದು ಎಂದು ಅವರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಸರ್ಕಾರಕ್ಕೆ ಮಾತ್ರ, ಅದಕ್ಕೆ ಗೊತ್ತಾಗುವ ದಾರಿಯೂ ಇರಲಿಲ್ಲ.

ಅಕ್ಕಿ ನಿಂತರೆ ನಿಲ್ಲಲಿ ಅನ್ನಬಹುದಿತ್ತು. ಆದರೆ ನನ್ನ ಬಲ ಮೊಣಕಾಲು ಸವೆದು ಹೋಗಿದೆ. ಹೊಲಿಗೆ ಮಿಷನ್ನಿನ ಪೆಡಲು ತುಳಿದೂ ತುಳಿದೂ ಸವೆದದ್ದು. ಆಪರೇಷನ್ ಮಾಡಲೇಬೇಕು, ಕಾರ್ಡ್ ಇದ್ದರೆ ಸ್ಕೀಮಿನಲ್ಲಿ ಬರುತ್ತದೆ, ತಂದು ಕೊಟ್ಟರೆ ದಿನ ಗೊತ್ತು ಮಾಡುತ್ತೇವೆ ಎಂದಿದ್ದರು ಆಸ್ಪತ್ರೆಯಲ್ಲಿ. ಕಾರ್ಡಿಲ್ಲದಿದ್ದರೆ ಆ ಆಪರೇಷನ್ನು ನನ್ನ ಕೈಗೆಟುಕುವುದಲ್ಲ. ಮಿಷನ್ ತುಳಿಯಲಾಗದಿದ್ದರೆ ಅಂಗಡಿ ಮುಚ್ಚಬೇಕು. ಆಹಾರ ಇಲಾಖೆಯವರು ಸಮಾಧಾನವಾಗಿಯೇ ಹೇಳಿದರು: ಕಾರನ್ನು ಕ್ರಮವಾಗಿ ಗುಜರಿಗೆ ಕೊಟ್ಟು, ಆರ್‌ಟಿಓದಲ್ಲಿ ನೋಂದಣಿ ರದ್ದು ಮಾಡಿಸಿ, ಅದರ ಪತ್ರ ತಂದುಕೊಡಿ, ಕಾರ್ಡಿನ ತಡೆ ತೆಗೆಯಲು ಬರೆಯುತ್ತೇವೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಿಂತಲ್ಲಿ ನಿಲ್ಲಲು ಕಾಲು ಬಿಡಲಿಲ್ಲ.

ಆ ಕಾರು ಪಕ್ಕದ ಮನೆಯ ಮಾವನದು. ಮಾವ ಅಂದರೆ ರಕ್ತಸಂಬಂಧವೇನಲ್ಲ, ಗೋಡೆಸಂಬಂಧ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದುದು ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತಿತ್ತು.

ಕೂತಲ್ಲಿ ಕೂರದ ಮನುಷ್ಯ ಅಂದರೆ ಅವರೇ. ಟೀ ಲೋಟ ಕೈಗೆ ಕೊಟ್ಟರೆ ಅರ್ಧ ಕುಡಿದು ಕಿಟಕಿಯ ಮೇಲಿಟ್ಟು ಹೊರಟುಬಿಡುವರು. ಬಾಡಿಗೆಯವರಿಗಾಗಿ ಬಸ್ ಸ್ಟ್ಯಾಂಡಿನ ಹತ್ತಿರ ಕಾಯುವಾಗಲೂ ಕಾರಿನ ಸುತ್ತ ಸುತ್ತುತ್ತಲೇ ಇರುವರು, ಒರೆಸಿದ ಗಾಜನ್ನೇ ಮತ್ತೆ ಒರೆಸುವರು. ಬೆಳಗ್ಗೆ ಹೊತ್ತು ಹುಟ್ಟುವ ಮುಂಚೆ ತೆರಕಣಾಂಬಿ ಕಡೆಯ ರೈತರ ಅರಿಶಿನವೋ ಸಣ್ಣ ಈರುಳ್ಳಿಯೋ ಡಿಕ್ಕಿಗೆ ತುಂಬಿ ಮಂಡಿಗೆ ಹಾಕಿ ಬರುವುದು, ಬಂದವರೇ ಸೀಟು ಕೊಡವಿ ಜನರನ್ನು ಕೂರಿಸಿಕೊಂಡು ಊಟಿಗೋ, ಕೇರಳದ ಬತ್ತೇರಿಗೋ, ಗೋಪಾಲಸ್ವಾಮಿ ಬೆಟ್ಟಕ್ಕೋ ಹೊರಡುವುದು. ಸ್ವಂತ ಬಳಕೆಯ ವೈಟ್ ಬೋರ್ಡಿನಲ್ಲೇ ಬಾಡಿಗೆ ಹೊಡೆಯುತ್ತಿದ್ದರು. ಅವರ ಅಂಗೈ, ಉಗುರು, ಬಿಳಿ ಶರ್ಟಿನ ಜೇಬು, ಎಲ್ಲಾ ಹಳದಿ. ಮದುವಣಿಗನ ಹಾಗೆ ವರ್ಷವಿಡೀ ಅರಿಶಿನ ಮೆತ್ತಿಕೊಂಡು ಓಡಾಡುತ್ತಾರೆ ಎಂದು ಗಲ್ಲಿಯ ಹೆಂಗಸರು ಆಡಿಕೊಂಡು ನಗುತ್ತಿದ್ದರು.

ಅವರ ಕಾರು ನನ್ನ ಹೆಸರಿಗೆ ಬಂದದ್ದು ಹೇಗೆಂದರೆ... ಈ ಕಾರಿಗಿಂತ ಮೊದಲು ಅವರು ಒಂದು ಟೆಂಪೋ ಇಟ್ಟಿದ್ದರು, ಅದು ಹೊಲಕ್ಕೆ ಮಗುಚಿತು. ಆಮೇಲೆ ಒಂದು ಜೀಪು ತಂದರು, ಅದರ ಎಂಜಿನ್ನು ಕೈಕೊಟ್ಟಿತು. ಮಾವ ಹೋಗಿ ಶಾಸ್ತ್ರ ಕೇಳಿಕೊಂಡು ಬಂದರು. ನಿಮ್ಮ ಹೆಸರಿಗೆ ಚಕ್ರ ಆಗಿಬರುವುದಿಲ್ಲ, ಹೆಂಡತಿಯ ಹೆಸರಿಗೂ ಆಗಿಬರುವುದಿಲ್ಲ ಎಂದರಂತೆ ಶಾಸ್ತ್ರದವರು. ಯಾವ ನಕ್ಷತ್ರಕ್ಕೆ ಆಗಿಬರುತ್ತದೆ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಂಡು ಬಂದು, ಗಲ್ಲಿಯಲ್ಲಿ ಮನೆಮನೆಗೂ ಹೋಗಿ ನಕ್ಷತ್ರ ವಿಚಾರಿಸಿದರು. ನನ್ನದು ಕೂಡಿತು. ನನಗೆ ಆಗಷ್ಟೇ ಹದಿನೆಂಟು ತುಂಬಿತ್ತು, ಹೊಲಿಗೆ ಕಲಿಯುತ್ತಿದ್ದೆ. ಆಗ ಅಪ್ಪ ಇನ್ನೂ ಇದ್ದರು. ಮಾವ ಬಂದು ಅಪ್ಪನ ಮುಂದೆ ನಿಂತುಕೊಂಡೇ ಕೇಳಿದರು: “ನಿನ್ ಮಗಳೆಸರು ಒಂದೀಟು ಕೊಡಣ್ಣ.”

ಒಂದು ಪಾವು ಸಕ್ಕರೆ ಕೇಳಿದ ಹಾಗೆ. ಅಪ್ಪನೂ ಸಕ್ಕರೆ ಕೊಟ್ಟ ಹಾಗೇ ಕೊಟ್ಟರು. ಆರ್‌ಟಿಓ ಕಚೇರಿಗೆ ಮಾವ ಕರೆದುಕೊಂಡು ಹೋಗಿ ಸಹಿ ಹಾಕಿಸಿದರು, ಮಸಾಲೆ ದೋಸೆ ಕೊಡಿಸಿದರು. ಈಗಿನವರಿಗೆ ಇದು ಹುಚ್ಚಾಟ ಅನ್ನಿಸೀತು. ಆದರೆ ನಮ್ಮ ಕಡೆ ಬೋರ್‌ವೆಲ್ ಕೊರೆಸುವಾಗಲೂ ಯಾರ ಕೈಯಲ್ಲಿ ತೆಂಗಿನಕಾಯಿ ಒಡೆಸಿದರೆ ನೀರು ಬರುತ್ತದೆ ಎಂದು ನೋಡುತ್ತಾರೆ. ಮಾವನಿಗೆ ಅದು ಹುಚ್ಚಾಟವಾಗಿರಲಿಲ್ಲ. ಕಾರು ಬಂದ ಮೇಲೆ ಒಂದು ದಿನವೂ ಕೈಕೊಡಲಿಲ್ಲ. ಎಲ್ಲರಿಗೂ ನನ್ನನ್ನು ತೋರಿಸಿ, ಇವಳೇ ನಮ್ ಓನರಮ್ಮ ಅನ್ನುತ್ತಿದ್ದರು.

ಆಯುಧಪೂಜೆಯ ದಿನ ನನ್ನ ಕೈಯಲ್ಲೇ ಬಾನೆಟ್ಟಿಗೆ ಅರಿಶಿನ ಕುಂಕುಮ ಇಡಿಸುತ್ತಿದ್ದರು. ನಾಲ್ಕು ಚಕ್ರಕ್ಕೆ ನಿಂಬೆಹಣ್ಣು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾವು ಸ್ಟೇರಿಂಗ್ ಮುಂದೆ ಕೂತು, ಕೈ ಹೊರಗೆ ಹಾಕಿ ಕಾರಿನ ತಲೆಯ ಮೇಲೆ ಎರಡು ಸಲ ಬಡಿದು ಕೇಳುತ್ತಿದ್ದರು:

“ಏನ್ ಓನರಮ್ಮ, ಎತ್ತಗೋಗನ?”

“ಬೆಟ್ಟಕ್ಕೆ” ಅನ್ನುತ್ತಿದ್ದೆ ನಾನು. ಕಾರು ಹೋಗುತ್ತಿದ್ದುದು ಪೆಟ್ರೋಲ್ ಬಂಕಿಗೆ. ಅಲ್ಲಿಂದ ವಾಪಸ್. ಮರುವರ್ಷ ಮತ್ತೆ ಅದೇ ಪ್ರಶ್ನೆ, ಅದೇ ಬೆಟ್ಟ, ಅದೇ ಬಂಕು. ಆಯುಧಪೂಜೆಗೆ ಮಾತ್ರ ಅಂತಲ್ಲ, ದಿನಾ ಬೆಳಗ್ಗೆ ನಾನು ಬಾಗಿಲಿಗೆ ನೀರು ಹಾಕುವಾಗಲೂ ಕೇಳುವರು. ನಾನೂ ಪೊರಕೆ ಹಿಡಿದುಕೊಂಡೇ ಬೆಟ್ಟಕ್ಕೆ ಅನ್ನುವೆ. ಗೋಡೆಯ ಆ ಕಡೆಯಿಂದ ಮಾವನ ಹೆಂಡತಿ, ನಾವು ಅತ್ತೆ ಅನ್ನುತ್ತಿದ್ದವರು, ಕಿಸಕ್ಕನೆ ನಗುವುದು ಕೇಳಿಸುತ್ತಿತ್ತು.

ಆಮೇಲೆ ನನಗೆ ಗಂಡು ನೋಡಲು ಶುರು ಮಾಡಿದರು. ಹರವೆ ಕಡೆಯವರು ಒಬ್ಬರು ಬಂದು ನೋಡಿಕೊಂಡು ಹೋದರು, ಒಪ್ಪಿಗೆಯಾಯಿತು ಎಂದೂ ಹೇಳಿ ಕಳಿಸಿದರು. ನನಗೂ ಬೇಡ ಅನ್ನಿಸಿರಲಿಲ್ಲ. ಹುಡುಗ ಮಾತು ಕಡಿಮೆ ಆಡಿದ, ನನ್ನ ಕಡೆ ಒಂದು ಸಲ ನೋಡಿ ನಕ್ಕ, ಅಷ್ಟು ಸಾಕಾಗಿತ್ತು ಆಗ. ಮಾತುಕತೆಗೆ ಬಂದ ದಿನ ಹುಡುಗನ ದೊಡ್ಡಪ್ಪ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಅಪ್ಪನನ್ನು ಕೇಳಿದ:

“ಕಾರು ಹುಡ್ಗೀ ಹೆಸರ್ಲೇ ಅದಂತಲ್ಲ? ಅಂಗಾರೆ ಹುಡ್ಗೀ ಜತೇಲೇ ಬತ್ತದೆ ಅನ್ನಿ.”

ಗಲ್ಲಿಯಲ್ಲಿ ಯಾರೋ ಹೇಳಿರಬೇಕು. ಮಾವನೇ ಊರಿಗೆಲ್ಲ ಸಾರಿದ್ದರಲ್ಲ, ಓನರಮ್ಮ ಓನರಮ್ಮ ಎಂದು. ಅಪ್ಪ ಅದು ಹೆಸರಿಗೆ ಮಾತ್ರ ಎಂದು ಬಿಡಿಸಿ ಹೇಳಿದರು. ದೊಡ್ಡಪ್ಪ ಒಪ್ಪಲಿಲ್ಲ. ಬುಕ್ಕಿನಲ್ಲಿ ಯಾರ ಹೆಸರೋ ಅವರದ್ದೇ ಗಾಡಿ, ಸರ್ಕಾರ ಸುಳ್ಳು ಬರೆಯುತ್ತದಾ ಎಂದ. ಯೋಚನೆ ಮಾಡಿ ಹೇಳಿ ಎಂದು ಎದ್ದು ಹೋದರು. ಗೋಡೆ ಒಂದೇ ಆದ್ದರಿಂದ ಯಾರೂ ಹೋಗಿ ಮಾವನಿಗೆ ಹೇಳಬೇಕಾಗಿರಲಿಲ್ಲ.

ಮಾರನೆಯ ಬೆಳಗ್ಗೆ ಮಾವ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ನಮ್ಮ ಮನೆಗೆ ಬಂದರು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ವೀಳ್ಯದೆಲೆ, ಬಾಳೆಹಣ್ಣು, ಕಾರಿನ ಕೀ. ಕೀಗೆ ದಾರದಲ್ಲಿ ಒಂದು ಅರಿಶಿನದ ಕೊಂಬು ಕಟ್ಟಿತ್ತು. ಹಿಂದೆ ಅತ್ತೆ ಮಗಳನ್ನು ಸೊಂಟದಲ್ಲಿ ಎತ್ತಿಕೊಂಡು ಬಾಗಿಲ ಹತ್ತಿರವೇ ನಿಂತರು, ಒಳಗೆ ಬರಲಿಲ್ಲ.

“ಅವ್ರು ಕೇಳಿದ್ರಲ್ಲಿ ತಪ್ಪೇನದೆ? ಹೆಸರು ಅವಳ್ದು. ಕೊಡಲ್ಲ ಅನ್ನಾಕೆ ನಾನ್ಯಾರು?” ಎಂದು ಮಾವ ತಟ್ಟೆಯನ್ನು ಅಪ್ಪನ ಮುಂದೆ ಇಟ್ಟರು. ಇಟ್ಟವರು ಕೂರಲಿಲ್ಲ, ಕಿಟಕಿಗೂ ಬಾಗಿಲಿಗೂ ಓಡಾಡಿದರು. ಅಪ್ಪ ತಲೆ ಎತ್ತಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಹರವೆಯವರ ಮೇಲೆ ಉರಿದದ್ದಕ್ಕಿಂತ ಈ ಮನುಷ್ಯನ ಮೇಲೆ ಉರಿಯಿತು. ಹೊಟ್ಟೆಪಾಡನ್ನು ತಟ್ಟೆಯಲ್ಲಿಟ್ಟು ತಂದುಕೊಡುವ ಇಂಥವರೂ ಇರುತ್ತಾರಾ! ಕೀ ಎತ್ತಿಕೊಂಡು ನೆಟ್ಟಗೆ ಹೋಗಿ ಅವರ ಶರ್ಟಿನ ಜೇಬಿಗೆ ಹಾಕಿದೆ.

“ನಾನು ಹೆಸರು ಕೊಟ್ಟಿದ್ದು ನಿಮ್ಗೆ, ಅವ್ರಿಗಲ್ಲ. ಆ ಗಂಡು ನಂಗೆ ಬ್ಯಾಡ.”

ಸಂಬಂಧ ಅಲ್ಲಿಗೆ ಮುರಿಯಿತು. ಮುಂದೆ ಬೇರೆ ಕಡೆಯೂ ಕೂಡಿಬರಲಿಲ್ಲ. ಅದಕ್ಕೆ ಕಾರಣ ಕಾರಲ್ಲ. ನನ್ನ ಬಾಯಿ ಇರಬಹುದು, ಅಪ್ಪನ ಕಾಯಿಲೆ ಇರಬಹುದು. ನನಗೆ ಅದರ ಬಗ್ಗೆ ದುಃಖವಿಲ್ಲ, ಮಿಷನ್ನಿನ ಮುಂದೆ ನಾನು ಸುಖವಾಗಿಯೇ ಇದ್ದೆ. ಆದರೆ ಮಾವ ಅದನ್ನು ತಮ್ಮ ತಲೆಗೆ ಕಟ್ಟಿಕೊಂಡುಬಿಟ್ಟರು. ಅಂದಿನಿಂದ ಓನರಮ್ಮ ಅನ್ನುವುದನ್ನು ನಿಲ್ಲಿಸಿದರು. ಬೆಳಗ್ಗೆ ನಾನು ಬಾಗಿಲಿಗೆ ನೀರು ಹಾಕುವಾಗ ತಲೆ ತಗ್ಗಿಸಿ ಕಾರು ಹತ್ತಿ ಹೊರಟುಬಿಡುವರು. ಎತ್ತಗೋಗನ ಎಂದು ಕೇಳಲಿಲ್ಲ. ನಾನು ಪೊರಕೆ ಹಿಡಿದು ನಿಂತೇ ಇರುತ್ತಿದ್ದೆ. ನಾನಾಗಿ ಹೇಗೆ ಹೇಳುವುದು, ಯಾರೂ ಕೇಳದೆ, ಬೆಟ್ಟಕ್ಕೆ ಎಂದು?

ಹೆಸರು ಬದಲಾಯಿಸಲು ಮಾವ ಒಮ್ಮೆ ಹೊರಟಿದ್ದೂ ಉಂಟು. ಕೆಟ್ಟರೆ ಕೆಡಲಿ, ನನ್ನ ಹೆಸರಿಗೇ ಮಾಡಿಸಿಕೊಳ್ಳುತ್ತೇನೆ, ಆ ಹುಡುಗಿಯನ್ನು ಬಿಡಿಸಬೇಕು ಎಂದು ಅತ್ತೆಯ ಹತ್ತಿರ ಹೇಳಿ, ನನ್ನ ಸಹಿ ಮಾಡಿಸಿಕೊಂಡು, ಅದೇ ಕಾರಿನಲ್ಲಿ ಚಾಮರಾಜನಗರಕ್ಕೆ ಹೊರಟರು. ತೆರಕಣಾಂಬಿ ದಾಟುವುದರೊಳಗೆ ರೇಡಿಯೇಟರ್ ಕುದಿದು ಕಾರು ನಿಂತಿತು. ಒಂದು ದಿನವೂ ಕೈಕೊಡದ ಕಾರು! ಬೇರೆ ಯಾರಾದರೂ ಆಗಿದ್ದರೆ ನೀರು ಹಾಕಿಕೊಂಡು ಮುಂದೆ ಹೋಗುತ್ತಿದ್ದರು. ಮಾವ ನೀರು ಹಾಕಿ ಕಾರನ್ನು ಹಿಂದಕ್ಕೆ ತಿರುಗಿಸಿದರು. ಕಾರಿಗೇ ಇಷ್ಟವಿಲ್ಲ ಎಂದು ಅವರ ಲೆಕ್ಕ. ಆ ಕಾಗದ ಹರಿದು ಹಾಕಿದರು. ಹದಿನೈದು ವರ್ಷ ತುಂಬಿದ ಗಾಡಿ ಎಂದು ಚಾಮರಾಜನಗರದಲ್ಲಿ ಎಫ್‌ಸಿ ಮಾಡಿಸುವಾಗಲೂ ನನ್ನದೇ ಸಹಿ ಹೋಯಿತು. ಕಂಪ್ಯೂಟರಿಗೆ ನನ್ನ ಹೆಸರು ಹತ್ತಿದ್ದು ಆಗಲೇ.

ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದನ್ನು ನಿಲ್ಲಿಸಿ, ಬುಡದಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು ಎಂದು ಮಾಡಿದ ಮೇಲೆ ಮಾವನ ಬಾಡಿಗೆ ಕಡಿಮೆಯಾಯಿತು. ಹೊಸ ಹೊಸ ಕಾರುಗಳೂ ಬಂದವು. ಅಷ್ಟು ಹೊತ್ತಿಗೆ ಅವರಿಗೆ ವಯಸ್ಸೂ ಆಗಿತ್ತು. ಕಾರನ್ನು ಎರಡೂ ಮನೆಯ ಎದುರಿನ ಸಂದಿಯಲ್ಲಿ, ಯಾವಾಗಲೂ ನಿಲ್ಲುತ್ತಿದ್ದ ಹೊಂಗೆ ಮರದ ಕೆಳಗೇ ನಿಲ್ಲಿಸಿಬಿಟ್ಟರು. ಆದರೂ ದಿನಾ ಬೆಳಗ್ಗೆ ಸ್ಟಾರ್ಟ್ ಮಾಡುವರು. ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ಎಂಜಿನ್ ಓಡಿಸಿ ಸುತ್ತ ಸುತ್ತುವರು.

ಒಂದು ಬೆಳಗ್ಗೆ ಎಂಜಿನ್ ಸದ್ದು ನಿಲ್ಲಲೇ ಇಲ್ಲ. ನಾನು ಒಂದು ಲಂಗಕ್ಕೆ ಕಾಜಾ ಮಾಡುತ್ತಿದ್ದೆ, ಈ ಮನುಷ್ಯ ಪೆಟ್ರೋಲ್ ಯಾಕೆ ಸುಡುತ್ತಾರೆ ಎಂದು ಸಿಡುಕುತ್ತ ಎದ್ದು ಹೋದೆ. ಮಾವ ಹೊಂಗೆ ಮರಕ್ಕೆ ಒರಗಿ ಕೂತಿದ್ದರು. ಅವರು ಹಾಗೆ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನೋಡಿದ ತಕ್ಷಣ ತಿಳಿಯಿತು. ಅತ್ತೆಯನ್ನು ಕೂಗಿದೆ. ಜನ ಓಡಿ ಬಂದರು. ಗದ್ದಲದಲ್ಲಿ ಕಾರು ಗಡಗಡ ಎನ್ನುತ್ತಲೇ ಇತ್ತು, ಯಾರಿಗೂ ಗಮನವಿರಲಿಲ್ಲ. ಕೊನೆಗೆ ನಾನೇ ಕಿಟಕಿಯಲ್ಲಿ ಕೈ ಹಾಕಿ ಕೀ ತಿರುಗಿಸಿದೆ. ಯಾವ ಕಡೆ ತಿರುಗಿಸಬೇಕೆಂದು ಗೊತ್ತಿರಲಿಲ್ಲ... ತಡಕಾಡಿ ತಿರುಗಿಸಿದೆ, ನಿಂತಿತು. ಆ ಕಾರಿನ ಓನರ್ ಆಗಿ ನಾನು ಮಾಡಿದ ಕೆಲಸ ಅದೊಂದೇ.

ಅತ್ತೆ ಆ ಮನೆಯನ್ನು ಬಾಡಿಗೆಗೆ ಕೊಟ್ಟು ಹರದನಹಳ್ಳಿಯಲ್ಲಿರುವ ಮಗಳ ಮನೆಗೆ ಹೋದರು. ಹೋಗುವಾಗ ಕಾರಿನ ಕೀ ನನ್ನ ಕೈಗೆ ಕೊಟ್ಟರು. ಕಾರು ಸಂದಿಯಲ್ಲೇ ಉಳಿಯಿತು. ಹೊಂಗೆಯ ಎಲೆ ಅದರ ಮೇಲೆ ಬಿದ್ದು ಕೊಳೆಯಿತು. ಟೈರಿನ ಗಾಳಿ ಹೋಯಿತು, ಬೆಕ್ಕು ಮರಿ ಹಾಕಿತು. ನಾನು ಅದನ್ನು ನೋಡಿಯೂ ನೋಡದ ಹಾಗೆ ಇದ್ದೆ.

ಏಜೆಂಟ್ ಬಾನೆಟ್ ಎತ್ತಿ, ಸೀಮೆಎಣ್ಣೆ ಬಟ್ಟೆಯಲ್ಲಿ ತುಕ್ಕು ಉಜ್ಜಿ, ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ಲಿನಿಂದ ತಿಕ್ಕಿದ. ನಂಬರು ನಿಧಾನವಾಗಿ ಕಾಗದಕ್ಕೆ ಮೂಡಿತು. ಖುಷಿಯಾಗಿ ಹೇಳಿದ: “ನಿಮ್ ಪುಣ್ಯ ಕಣಮ್ಮ, ಓನರ್ ಬದುಕವ್ರೆ. ಓನರ್ ಸತ್ತೋಗಿದ್ರೆ ಡೆತ್ ಸರ್ಟಿಫಿಕೇಟು, ವಂಶವೃಕ್ಷ, ಎಲ್ಲಾ ವಾರಸುದಾರರ ಒಪ್ಪಿಗೆ... ತಿರುಗಿ ತಿರುಗಿ ಚಪ್ಪಲಿ ಸವ್ದೋಗದು.”

ಯಾವ ಓನರ್ ಎಂದು ಕೇಳಲು ಬಾಯಿಗೆ ಬಂದಿತ್ತು.

ಅಲ್ಲಿಂದ ಶುರುವಾಯಿತು ಓಡಾಟ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ, ಅಲ್ಲಿಂದ ವಾಪಸ್. ಕಾರಿನ ಒಡತಿ ಫ್ರೀ ಬಸ್ಸಿನಲ್ಲಿ ಕಂಬಿ ಹಿಡಿದು ಒಂಟಿಕಾಲಲ್ಲಿ ನೇತಾಡುತ್ತ ಹೋದಳು. ಬಾಕಿ ತೆರಿಗೆ ಕಟ್ಟಿದ್ದಕ್ಕೆ ರಸೀದಿ, ಕಾರಿನ ಮೇಲೆ ಕೇಸಿಲ್ಲ ಎಂಬ ಪೊಲೀಸ್ ದಾಖಲೆ, ಆಧಾರ್, ಫೋಟೋ. ಪರವಾನಗಿ ಇರುವ ಗುಜರಿಯವರಿಗೇ ಕೊಡಬೇಕು. ಬೀದಿಯ ಗುಜರಿಯವನಿಗೆ ತೂಕಕ್ಕೆ ಹಾಕಿದರೆ ಕಾರು ಹೋಗುತ್ತದೆ, ಕಂಪ್ಯೂಟರಿನಿಂದ ಹೆಸರು ಹೋಗುವುದಿಲ್ಲ. ಪರವಾನಗಿಯವರು ಕಾರು ತಗೊಂಡದ್ದಕ್ಕೆ ಒಂದು ಪತ್ರ, ಒಡೆದು ಚಾಸಿ ನಂಬರಿನ ತುಂಡು ಕತ್ತರಿಸಿದ ಮೇಲೆ ಇನ್ನೊಂದು ಪತ್ರ ಕೊಡುತ್ತಾರೆ, ಅದನ್ನು ನೋಡಿ ಆರ್‌ಟಿಓದಲ್ಲಿ ಹೆಸರು ತೆಗೆಯುತ್ತಾರೆ. ಇವೆಲ್ಲ ಮುಗಿಯಬೇಕಾದರೆ ಮೊದಲು ಒರಿಜಿನಲ್ ಆರ್‌ಸಿ ಪುಸ್ತಕ ಬೇಕು. ಅದು ಅತ್ತೆಯ ಹತ್ತಿರವಿತ್ತು. ಜೊತೆಗೆ ನೋಟರಿ ಮುಂದೆ ಸಹಿ ಮಾಡಿದ ಪ್ರಮಾಣಪತ್ರ ಬೇಕು. ಅದನ್ನು ಏಜೆಂಟ್ ಟೈಪ್ ಮಾಡಿಸಿ ತಂದಿದ್ದ.

ನೋಟರಿಯ ಮೇಜಿನ ಮುಂದೆ ಕೂತು ಓದಿದೆ. ‘ಸದರಿ ವಾಹನವು ನನ್ನ ಸ್ವಂತ ಸ್ವತ್ತಾಗಿದ್ದು, ನನ್ನ ಹೊರತು ಬೇರೆ ಯಾರಿಗೂ ಇದರ ಮೇಲೆ ಯಾವುದೇ ಹಕ್ಕಾಗಲಿ, ಸಂಬಂಧವಾಗಲಿ ಇರುವುದಿಲ್ಲ ಎಂದು ಪ್ರಮಾಣೀಕರಿಸುತ್ತೇನೆ.’

“ಹಕ್ಕು ಅಂತ ಬೇಕಾದ್ರೆ ಬರ್ಕೊಳ್ಳಿ. ಸಂಬಂಧ ಇಲ್ಲ ಅಂತ ಬರೆಯೋಕೆ ನಿಮಗೆ ಯಾರು ಹೇಳಿದ್ದು?” ಎಂದೆ. ದನಿ ಜೋರಾಯಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು.

“ಎಲ್ರಿಗೂ ಇದೇ ಕಣಮ್ಮ. ಹಿಂಗೆ ಬರೀದಿದ್ರೆ ಗುಜರಿಯೋರು ತಗಳಲ್ಲ. ಸೈನಾಕಿ, ಹೊತ್ತಾಯ್ತದೆ” ಎಂದ ಏಜೆಂಟ್.

ಪೆನ್ನು ಕೈಯಲ್ಲೇ ಇತ್ತು. ಈ ಒಂದು ಸಹಿ ಬಿದ್ದರೆ ಕಾರ್ಡು, ಕಾರ್ಡು ಬಂದರೆ ಕಾಲು. ಅಷ್ಟೂ ಗೊತ್ತಿದ್ದೂ ನನ್ನಿಂದ ಆಗಲಿಲ್ಲ. ಕಾಗದ ಮಡಿಚಿ ಬ್ಯಾಗಿಗೆ ಹಾಕಿಕೊಂಡು ಎದ್ದೆ. ಏಜೆಂಟ್ ಹಿಂದಿನಿಂದ ಕೂಗುತ್ತಿದ್ದ. ನಾನು ಹರದನಹಳ್ಳಿಯ ಬಸ್ ಹತ್ತಿದೆ.

ಅತ್ತೆ ಜಗುಲಿಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಕುಂಟು ನಡಿಗೆ ನೋಡಿ, “ಕಾಲೇನಮ್ಮಿ ಹಿಂಗಾಗೋಯ್ತು?” ಎಂದರು. ನಾನು ನೀರೂ ಕುಡಿಯದೆ ಎಲ್ಲವನ್ನೂ ಹೇಳಿದೆ. ಕಾರ್ಡು ನಿಂತದ್ದು, ಆಪರೇಷನ್ನು, ಗುಜರಿ. ಗುಜರಿ ಅಂದಾಗ ಅವರ ಕೈ ಸ್ವಲ್ಪ ಹೊತ್ತು ನಿಂತಿತು, ಮತ್ತೆ ಸುಲಿಯಿತು. ಪ್ರಮಾಣಪತ್ರ ತೆಗೆದು ಓದಿ ಹೇಳಿದೆ.

“ಇನ್ನೊಂದ್ಸಲ ಓದು” ಎಂದರು. ಓದಿ ಮುಗಿಸಿದೆ.

“ಸರಿಯಾಗೇ ಬರ್ದವ್ರೆ. ಸೈನಾಕು.”

“ಯಾರಿಗೂ ಸಂಬಂಧ ಇಲ್ಲ ಅಂತ ಬರ್ದವ್ರೆ ಅತ್ತೆ. ನಿಮ್ ಮನೆ ನಡ್ದದ್ದೇ ಆ ಕಾರಿಂದ.”

“ನಡ್ದದ್ದು ನಿನ್ನೆಸರಿಂದ ಕಣಮ್ಮಿ.” ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿದರು. “ಅವತ್ತು ಅವ್ರು ತಟ್ಟೇಲಿ ಕೀ ಮಡಿಕಂಡು ನಿಮ್ಮನೆಗೆ ಬಂದ್ರಲ್ಲ, ನಾನು ಬಾಗ್ಲಲ್ಲಿ ನಿಂತಿದ್ನಲ್ಲ... ಬರಕ್ಕೆ ಮುಂಚೆ ನಾನು ಬಟ್ಟೆ ಗಂಟು ಕಟ್ಬುಟ್ಟಿದ್ದೆ. ಈ ಹುಡ್ಗಿ ಕೀ ಈಸ್ಕಂಡ್ಬುಟ್ರೆ ಮಗೀನ ಎತ್ಕಂಡು ತೌರ್ಮನೆಗೆ ಓಗ್ಬುಡದು ಅಂತ. ನೀನು ಕೀ ಜೇಬಿಗಾಕ್ದೆ. ನಾನು ಮನೆಗೋಗಿ ಗಂಟು ಬಿಚ್ದೆ. ಅವ್ರಿಗೂ ಏಳ್ಲಿಲ್ಲ ಇದ.”

ಒಂದೇ ಗೋಡೆ, ಎಲ್ಲಾ ಕೇಳಿಸುತ್ತದೆ ಅಂದುಕೊಂಡಿದ್ದೆ ನಾನು.

“ಅವ್ರು ಯಾಕೆ ಆಮೇಲೆ ನನ್ನ ಕೇಳ್ಲೇ ಇಲ್ಲ, ಎತ್ತಗೋಗನ ಅಂತ?” ಎಷ್ಟು ವರ್ಷದ ಸಿಟ್ಟೋ, ಚಿಕ್ಕ ಹುಡುಗಿಯ ಹಾಗೆ ಕೇಳಿಬಿಟ್ಟೆ.

“ನಿನ್ ಬದ್ಕೇ ನಮ್ಮಿಂದ ಇಲ್ಲೇ ನಿಂತೋಯ್ತಂತೆ. ಇನ್ಯಾವ ಬಾಯಲ್ಲಿ ಎತ್ತಗೋಗನ ಅಂತ ಕೇಳ್ಲಿ ಅನ್ನೋರು.” ಅತ್ತೆ ಎದ್ದು ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಆರ್‌ಸಿ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದರು. “ಒಂದೇ ಒಂದು. ಕಾರು ಓಗೋ ದಿವ್ಸ ನನ್ನ ಕರೆಸ್ಕೊ. ಅನಾಥ್ ಹೆಣದಂಗೆ ಎಳ್ಕಂಡೋಗದು ಬ್ಯಾಡ.”

ಸಹಿ ಹಾಕಿದೆ. ಅವರ ಜಗುಲಿಯಲ್ಲೇ ಹಾಕಬೇಕೆಂದಿದ್ದೆ, ನೋಟರಿಯ ಕಣ್ಣೆದುರೇ ಹಾಕಬೇಕಂತೆ. ಮಾರನೆಯ ದಿನ ಮತ್ತೆ ಚಾಮರಾಜನಗರಕ್ಕೆ ಹೋಗಿ ಅದೇ ಮೇಜಿನ ಮುಂದೆ ಹಾಕಿ ಬಂದೆ.

ಗುಜರಿಯ ಲಾರಿ ಬಂದ ದಿನ ಅತ್ತೆ ಮೊದಲನೆಯ ಬಸ್ಸಿಗೇ ಬಂದಿಳಿದಿದ್ದರು. ಚೀಲದಲ್ಲಿ ನಿಂಬೆಹಣ್ಣು, ಅರಿಶಿನ ಕುಂಕುಮ, ಒಂದು ಮೊಳ ಚೆಂಡುಹೂ. ಬಾನೆಟ್ಟಿನ ಮೇಲಿನ ಕೊಳೆತ ಎಲೆ ಬಳಿದು ನೀರು ಹಾಕಿ ತೊಳೆದರು. ನನ್ನ ಕೈಯಲ್ಲೇ ಬೊಟ್ಟಿಡಿಸಿದರು. ಗಾಳಿಯಿಲ್ಲದ ಚಕ್ರದ ಮುಂದೆ ನಿಂಬೆಹಣ್ಣು ಇಡುವಾಗ ಲಾರಿಯವರು ಮುಖ ಮುಖ ನೋಡಿಕೊಂಡರು, ನಗಲಿಲ್ಲ.

ಸಂದಿ ಇಕ್ಕಟ್ಟು. ಹಗ್ಗ ಕಟ್ಟಿ ಎಳೆಯುವಾಗ ಯಾರಾದರೂ ಒಳಗೆ ಕೂತು ಸ್ಟೇರಿಂಗ್ ನೇರ ಹಿಡಿಯಬೇಕು, ಇಲ್ಲದಿದ್ದರೆ ಗೋಡೆಗೆ ಉಜ್ಜುತ್ತದೆ ಎಂದರು. ಏಜೆಂಟ್ ಬಾಗಿಲು ತೆರೆದು ಹತ್ತಲು ಹೋದ.

“ನೀನ್ ಇಳಿಯಪ್ಪ. ಓನರ್ ಕೂತ್ಕತಳೆ” ಎಂದರು ಅತ್ತೆ.

ಕಾಲು ಮಡಿಸಲಾಗುವುದಿಲ್ಲ ಎಂದೆ. ಕೇಳಲಿಲ್ಲ. ಕೈ ಹಿಡಿದು ಕೂರಿಸಿದರು. ಆ ಕಾರಿನಲ್ಲಿ ನಾನು ಕೂತದ್ದೆಲ್ಲ ಎಡಗಡೆಯ ಸೀಟಿನಲ್ಲಿ. ಈ ಕಡೆಯಿಂದ ಗಲ್ಲಿ ಬೇರೆ ಥರ ಕಾಣುತ್ತಿತ್ತು. ನಮ್ಮ ಮನೆಯ ಬಾಗಿಲು ನೇರ ಕಣ್ಣೆದುರಿಗೆ, ನಾನು ದಿನಾ ಪೊರಕೆ ಹಿಡಿದು ನಿಲ್ಲುತ್ತಿದ್ದ ಜಾಗ. ತಲೆ ತಗ್ಗಿಸಿದ್ದರೂ ಅವರಿಗೆ ಅದು ದಿನಾ ಕಾಣುತ್ತಿತ್ತು ಹಾಗಾದರೆ. ಸ್ಟೇರಿಂಗಿನ ಮೇಲೆ ಅವರ ಕೈ ಕೂರುತ್ತಿದ್ದ ಎರಡು ಕಡೆ ಸವೆದು ನುಣ್ಣಗಾಗಿತ್ತು. ಅಲ್ಲೇ ಹಿಡಿದುಕೊಂಡೆ.

ಅತ್ತೆ ಕಿಟಕಿಯ ಹತ್ತಿರ ಬಂದು ಬಗ್ಗಿದರು. ಕಾರಿನ ತಲೆಯ ಮೇಲೆ ಎರಡು ಸಲ ಬಡಿದರು.

“ಏನ್ ಓನರಮ್ಮ, ಎತ್ತಗೋಗನ?”

ನನಗೆ ಅಳು ಒತ್ತರಿಸಿಕೊಂಡು ಬಂತು. ಲಾರಿಯವರು ಕಾಯುತ್ತಿದ್ದರು. ಏಜೆಂಟ್ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ, ಅದೂ ದಾಖಲೆಗೆ ಬೇಕಂತೆ.

“ಬೆಟ್ಟಕ್ಕೆ” ಎಂದೆ.

“ರೈಟ್!” ಎಂದು ಅತ್ತೆ ಲಾರಿಯವರ ಕಡೆ ಕೈ ಬೀಸಿದರು. ಹಗ್ಗ ಬಿಗಿಯಿತು. ಕೆಳಗೆ ನಿಂಬೆಹಣ್ಣು ಪಚಕ್ಕೆಂದವು. ನಾನು ಸ್ಟೇರಿಂಗನ್ನು ನೇರವಾಗಿ ಹಿಡಿದುಕೊಂಡೆ, ಗೋಡೆಗೆ ಎಲ್ಲೂ ತಾಗಲಿಲ್ಲ. ಲಾರಿಯ ಹತ್ತಿರ ಬಂದ ಮೇಲೆ ಇಳಿಸಿದರು. ಅದು ಮೇಲೇರುವುದನ್ನು ನಾವಿಬ್ಬರೂ ನೋಡಲಿಲ್ಲ. ಒಳಗೆ ಹೋಗಿ ಕಾಫಿ ಕಾಯಿಸಿದೆವು.

ಆಮೇಲೆ ಒಂದೊಂದೇ ಪತ್ರ ಬಂತು. ಕತ್ತರಿಸಿದ ಚಾಸಿ ನಂಬರಿನ ತುಂಡಿನ ಫೋಟೋ ಏಜೆಂಟ್ ಫೋನಿಗೆ ಕಳಿಸಿದ. ನೋಂದಣಿ ರದ್ದಾಯಿತು ಎಂದು ಮೆಸೇಜು ಬಂತು. ರೇಷನ್ ಅಂಗಡಿಯ ಮಿಷನ್ನು ನನ್ನ ಹೆಬ್ಬೆಟ್ಟನ್ನು ಒಪ್ಪಿಕೊಂಡಿತು. ಸಾಲಿನಲ್ಲಿದ್ದವರು ಓನರಮ್ಮ ಬಂದ್ರು ದಾರಿ ಬಿಡ್ರಪ್ಪ ಎಂದು ತಮಾಷೆ ಮಾಡಿದರು, ನಾನೂ ನಕ್ಕೆ. ಸಂದಿಯಲ್ಲಿ ಈಗ ಎಣ್ಣೆ ಇಳಿದು ಕಪ್ಪಾದ ನೆಲ ಇದೆ, ಅಲ್ಲಿ ಹುಲ್ಲು ಬಂದಿಲ್ಲ. ಕೀ ಯಾರೂ ಕೇಳಲಿಲ್ಲ. ಅದು ನನ್ನ ಹೊಲಿಗೆ ಮಿಷನ್ನಿನ ಡ್ರಾದಲ್ಲಿದೆ, ದಾರದುಂಡೆಗಳ ಜೊತೆ.

ಮಾವ ಸತ್ತಾಗ ನಾನು ಸರಿಯಾಗಿ ಅಳಲಿಲ್ಲ. ಕಾರು ಅಲ್ಲೇ ನಿಂತಿತ್ತಲ್ಲ, ಎಲ್ಲೋ ಬಾಡಿಗೆಗೆ ಹೋಗಿದ್ದಾರೆ, ಟೀ ಅರ್ಧ ಬಿಟ್ಟು ಹೋಗಿದ್ದಾರೆ ಅನ್ನುವ ಹಾಗೆ ಇದ್ದೆ. ಈಗ ಹಾಗೆ ಅಂದುಕೊಳ್ಳಲು ಏನೂ ಉಳಿದಿಲ್ಲ. ಮೊನ್ನೆ ಆಪರೇಷನ್ನಿಗೆ ಸೇರಿಕೊಳ್ಳಲು ಬಟ್ಟೆಯ ಚೀಲ ಹಿಡಿದು ಹೊರಟೆ. ಆಟೋ ಹತ್ತಿ ಕೂತೆ. ಆಟೋದವರು ಹಿಂದೆ ತಿರುಗಿ, “ಎಲ್ಗಮ್ಮ?” ಎಂದರು. ಆಸ್ಪತ್ರೆಗೆ ಅನ್ನಬೇಕಿತ್ತು. ಅವರು ಇನ್ನೊಮ್ಮೆ ಕೇಳಿದರು. ನನ್ನ ನಾಲಿಗೆ ತುದಿಗೆ ಬಂದು ನಿಂತದ್ದು ಬೆಟ್ಟಕ್ಕೆ ಎಂಬ ಮಾತು.